ನಾಳೆ ಮಾಸ್ಟರು ಬೆಳೆದ ಮದುವೆ ಊಟ

ಆ ಬೀದಿಯಲ್ಲಿ ಯಾರನ್ನಾದರೂ ನಿಲ್ಲಿಸಿ ಟೈಲರ್ ಅಂಗಡಿ ಎಲ್ಲಿ ಅಂತ ಕೇಳಿ ನೋಡಿ. ಮೊದಲು ನಗುತ್ತಾರೆ, ಆಮೇಲೆ ದಾರಿ ತೋರಿಸುತ್ತಾರೆ. "ಯಾವುದು, ನಾಳೆ ಮಾಸ್ಟರ ಅಂಗಡೀನಾ? ಔಷಧಿ ಅಂಗಡಿ ದಾಟಿ ಎಡಕ್ಕೆ. ನಿಮಗೆ ಬಟ್ಟೆ ಯಾವತ್ತಿಗೆ ಬೇಕು?" ಯಾವತ್ತಿಗೆ ಅಂತ ನೀವು ಹೇಳಿದರೆ, "ಹಾಗಾದ್ರೆ ಎರಡು ವಾರ ಮುಂಚೇನೇ ಬೇಕು ಅಂತ ಹೇಳಿ" ಅನ್ನುವ ಪುಕ್ಕಟೆ ಸಲಹೆಯೂ ಜೊತೆಗೆ ಬರುತ್ತದೆ.

ಹಾಗಂತ ಮಾಸ್ಟರು ಕೆಲಸಗಳ್ಳರಲ್ಲ. ಹಾಗೆ ಅಂದವರ ಬಾಯಲ್ಲಿ ಹುಳ ಬೀಳುತ್ತೆ! ಅವರು ಹೊಲಿದ ಕೋಟು ತೊಟ್ಟರೆ ಗೂನು ಬೆನ್ನೂ ನೆಟ್ಟಗಾಗುತ್ತದೆ. ತೊಂದರೆ ಇದ್ದದ್ದು ಕೈಯಲ್ಲಲ್ಲ, ನಾಲಿಗೆಯಲ್ಲಿ. ಎದುರಿಗೆ ಬಂದು ನಿಂತವರ ಮುಖ ನೋಡಿ "ಆಗಲ್ಲ" ಅನ್ನಲು ಆ ನಾಲಿಗೆಗೆ ಹುಟ್ಟಿದಾಗಿನಿಂದ ಬಂದಿಲ್ಲ. ಹತ್ತು ಜನ ಬಂದರೆ ಹತ್ತು ಜನಕ್ಕೂ "ಅದಕ್ಕೇನಂತೆ, ನಾಳೆ ಬನ್ನಿ, ಕೊಟ್ಟುಬಿಡ್ತೀನಿ." ನಾಳೆ ಬಂದವರಿಗೆ ಗುಂಡಿ ಬಾಕಿ, ನಾಡಿದ್ದು ಬಂದವರಿಗೆ ಇಸ್ತ್ರಿ ಬಾಕಿ. ಗಿರಾಕಿಗಳೂ ಬೆರಳು ಚೀಪುವವರಲ್ಲವಲ್ಲ! ಇಪ್ಪತ್ತನೇ ತಾರೀಖಿಗೆ ಸಮಾರಂಭ ಇದ್ದರೆ ಐದಕ್ಕೆ ಅನ್ನುವುದನ್ನು ಕಲಿತರು. ಅವರು ಸುಳ್ಳು ಹೇಳುತ್ತಾರೆ ಅಂತ ಮಾಸ್ಟರಿಗೂ ಗೊತ್ತಾಗಿ, ಐದು ಅಂದರೆ ಇಪ್ಪತ್ತು ಅಂತಲೇ ಲೆಕ್ಕ ಹಿಡಿಯತೊಡಗಿದರು. ಹೀಗೆ ಮೂವತ್ತು ವರ್ಷ ಎರಡೂ ಕಡೆಯವರು ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು ಸುಖವಾಗಿದ್ದರು.

ಒಂದೇ ಒಂದು ಸಲ ಅವರಿಗೆ ಇದು ಚುಚ್ಚಿತ್ತು. ಮಗಳು ಪುಟ್ಟಿ ಆರನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಬಹುಮಾನ ಬಂದಿತ್ತು, ವೇದಿಕೆ ಹತ್ತಿ ತಗೋಬೇಕು. ಅಪ್ಪ ನೀಲಿ ಫ್ರಾಕು ಹೊಲಿಯುತ್ತೇನೆ ಅಂದಿದ್ದರು. ಆ ದಿನ ಬೆಳಗ್ಗೆ ಫ್ರಾಕಿಗೆ ಒಂದು ತೋಳು ಕೂತಿತ್ತು, ಇನ್ನೊಂದು ತೋಳು ಮಿಷನ್ ಮೇಲೆ ಬಿದ್ದಿತ್ತು. ಪುಟ್ಟಿ ಅತ್ತೆಯ ಮಗಳ ಹಳೇ ಫ್ರಾಕು ಹಾಕಿಕೊಂಡು ಹೋದಳು, ಬಹುಮಾನ ತಂದಳು, ಅಪ್ಪನಿಗೆ ತೋರಿಸಿದಳು. ಅಳಲಿಲ್ಲ. ಅತ್ತು ರಂಪ ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಅಳದೇ ಇದ್ದದ್ದು ಮಾಸ್ಟರ ಎದೆಯಲ್ಲಿ ಹದಿನೈದು ವರ್ಷದಿಂದ ಸೂಜಿ ಮುರಿದು ಉಳಿದ ಹಾಗೆ ಉಳಿದುಬಿಟ್ಟಿತ್ತು.

ಈಗ ಹಿತ್ತಲಿನ ವಿಷಯಕ್ಕೆ ಬರೋಣ. ಐದು ವರ್ಷದ ಹಿಂದೆ ಮಾಸ್ಟರ ಬೆನ್ನು ಕೈಕೊಟ್ಟಿತು. ಡಾಕ್ಟ್ರಮ್ಮ ಬೆನ್ನುಮೂಳೆ ಒತ್ತಿ ನೋಡಿ, "ಹೀಗೆ ಮಿಷನ್ ಮುಂದೆ ಬಗ್ಗಿ ಕೂತೇ ಇದ್ರೆ ಇನ್ನೆರಡು ವರ್ಷಕ್ಕೆ ನಿಮ್ಮನ್ನ ಮಡಚಿ ಬೀರುವಿನಲ್ಲಿ ಇಡಬೇಕಾಗುತ್ತೆ. ಗಂಟೆಗೊಂದು ಸಲ ಎದ್ದು ಕೈಕಾಲು ಆಡಿಸೋ ಕೆಲಸ ಏನಾದ್ರೂ ಮಾಡಿ" ಅಂದರು. ಅಂಗಡಿಯ ಹಿಂದೆ ಮನೆ, ಮನೆಯ ಹಿಂದೆ ನಲವತ್ತಡಿ ಉದ್ದ ಇಪ್ಪತ್ತೈದಡಿ ಅಗಲದ ಜಾಗ. ಅಲ್ಲಿ ಬಟ್ಟೆ ಒಣಹಾಕುವ ಹಗ್ಗ, ತುಕ್ಕು ಹಿಡಿದ ಹಳೇ ಮಿಷನ್ನಿನ ಕಾಲು, ಮಂಡಿಯುದ್ದ ಹುಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ. ಮಾಸ್ಟರು ಗುದ್ದಲಿ ಹಿಡಿದರು.

ಮೊದಲ ವರ್ಷ ಬೀದಿಯೆಲ್ಲಾ ಕಾಂಪೌಂಡ್ ಮೇಲಿಂದ ಇಣುಕಿ ನಗುವಷ್ಟು ಮಜಾ. ಮಾಸ್ಟರು ಸಾಲು ಎಳೆದದ್ದು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ. ಗಿಡದಿಂದ ಗಿಡಕ್ಕೆ ಟೇಪು ಹಿಡಿದು ಅಳೆದರು. ಕ್ಯಾರೆಟ್ ಬೀಜವನ್ನು ಹೊಲಿಗೆ ಹಾಕಿದ ಹಾಗೆ ಒತ್ತೊತ್ತಾಗಿ ಬಿತ್ತಿ, ಮೂರು ತಿಂಗಳಾದ ಮೇಲೆ ಬೆಂಕಿಕಡ್ಡಿ ಗಾತ್ರದ ಕ್ಯಾರೆಟ್ ಕಿತ್ತರು. ಸೌತೆಕಾಯಿ ಮಾತ್ರ ಚೆನ್ನಾಗಿ ಬಂತು. ಎಳಸಾಗಿ, ಹಸಿರಾಗಿ ಬಳ್ಳಿಯ ತುಂಬ ತೂಗಿತು. "ಕೀಳಲ್ವೇನ್ರೀ?" ಅಂದರು ಹೆಂಡತಿ. "ನಾಳೆ ಕಿತ್ರಾಯ್ತು ಬಿಡೇ" ಅಂದರು ಮಾಸ್ಟರು. ನಾಳೆ, ನಾಡಿದ್ದು, ಆಚೆ ನಾಡಿದ್ದು. ವಾರ ಕಳೆದು ಹೋಗಿ ನೋಡಿದರೆ ಸೌತೆಕಾಯೆಲ್ಲಾ ಹಳದಿಯಾಗಿ ಊದಿಕೊಂಡು ಕೂತಿವೆ! ಒಳಗೆ ಬೀಜ ಕಲ್ಲಿನಂತೆ ಬಲಿತಿದೆ. ಸೌತೆಕಾಯಿಯ ಹತ್ತಿರ ಗುಂಡಿ ಬಾಕಿ ಇದೆ, ಇಸ್ತ್ರಿ ಬಾಕಿ ಇದೆ ಅಂತ ಹೇಳೋಕಾಗುತ್ತಾ? ಮೂವತ್ತು ವರ್ಷದಲ್ಲಿ ಮೊದಲ ಸಲ ಮಾಸ್ಟರಿಗೆ ಒಬ್ಬ ಗಿರಾಕಿ ಕಾಯದೆ ಎದ್ದು ಹೋಗಿದ್ದ.

ಅಲ್ಲಿಂದ ಹಿತ್ತಲಿನ ಮಟ್ಟಿಗೆ ಮಾತ್ರ ಅವರು ಬೇರೆಯೇ ಮನುಷ್ಯ. ಬೀನ್ಸ್ ಎರಡು ದಿನಕ್ಕೊಮ್ಮೆ ಕೀಳಬೇಕು ಅಂದರೆ ಕೀಳಬೇಕು, ಅಂಗಡಿಯಲ್ಲಿ ಯಾರೇ ಕೂತಿರಲಿ. ಟೊಮೇಟೊ ಗಿಡಕ್ಕೆ ಕೋಲು ನೆಟ್ಟು, ಉಳಿದ ಬಟ್ಟೆಯ ಅಂಚು ಕತ್ತರಿಸಿ ಮೆತ್ತಗೆ ಕಟ್ಟುತ್ತಿದ್ದರು. ಹೂವಿನ ಚಿತ್ರದ ಪಟ್ಟಿ, ಚೌಕುಳಿ ಪಟ್ಟಿ, ಒಂದೊಂದು ಗಿಡಕ್ಕೆ ಒಂದೊಂದು. ಔಷಧಿ ಅಂಗಡಿಯವರು ಒಂದು ದಿನ ಇಣುಕಿ, "ಇದೇನ್ ಮಾಸ್ಟ್ರೇ, ಈ ಟೊಮೇಟೊ ನನ್ನ ಶರ್ಟ್ ಹಾಕ್ಕೊಂಡಿದೆ? ನನ್ನ ಶರ್ಟ್ ಇನ್ನೂ ಬಂದಿಲ್ವಲ್ಲ!" ಅಂದರು. ಮಾಸ್ಟರು ನಾಚಿಕೊಂಡು, "ನಾಳೆ ಬನ್ನಿ ಸಾರ್" ಅಂದರು.

ಪುಟ್ಟಿಗೀಗ ಇಪ್ಪತ್ತಾರು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ. ಜೂನ್ ತಿಂಗಳ ಒಂದು ಸಂಜೆ ಟೀ ಕುಡಿಯುತ್ತಾ, ಕರೆಂಟ್ ಕಂಬ ಹತ್ತುವ ಲೈನ್‌ಮನ್ ಹುಡುಗನನ್ನು ಮದುವೆಯಾಗುತ್ತೇನೆ ಅಂದಳು. ಹುಡುಗನನ್ನು ಮಾಸ್ಟರು ಮೊದಲೇ ಕಂಡಿದ್ದರು, ಅಳತೆಯೂ ಗೊತ್ತಿತ್ತು: ಎದೆ ಮೂವತ್ತೆಂಟು, ಭುಜ ಸ್ವಲ್ಪ ಎಡಕ್ಕೆ ವಾಲು. ಒಳ್ಳೆಯ ಹುಡುಗ. ಮದುವೆ ನೋಂದಣಿ ಕಚೇರಿಯಲ್ಲಿ, ಆಮೇಲೆ ನಲವತ್ತು ಜನಕ್ಕೆ ಹಿತ್ತಲಲ್ಲೇ ಊಟ.

"ತಾರೀಖು ಯಾವತ್ತು?" ಅಂದರು ಮಾಸ್ಟರು.

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅಕ್ಟೋಬರ್ ಹನ್ನೆರಡು" ಅಂದಳು ಪುಟ್ಟಿ.

ನಿಜವಾದ ತಾರೀಖು ಮೂವತ್ತು. ಪಾಪ, ಅವರದ್ದಾದರೂ ಏನು ತಪ್ಪು ಹೇಳಿ? ಮದುಮಗಳ ಬಟ್ಟೆ, ಹುಡುಗನ ಕೋಟು, ತಾಯಿಯದು, ಅತ್ತೆಯದು, ಎಲ್ಲಾ ಇವರೇ ಹೊಲಿಯಬೇಕು. ಬೀದಿಯವರೆಲ್ಲಾ ಮಾಡುವುದನ್ನೇ ಅವರೂ ಮಾಡಿದರು, ಹದಿನೆಂಟು ದಿನ ಹಿಂದಕ್ಕೆ ಎಳೆದು ಹೇಳಿದರು. ಆದರೆ ಮಾಸ್ಟರು ಈ ಒಂದು ತಾರೀಖಿಗೆ ಒಂದು ದಿನವನ್ನೂ ಸೇರಿಸಿಕೊಳ್ಳಲಿಲ್ಲ. ಗಿರಾಕಿಗಳು ಹೇಳಿದ್ದನ್ನು ನಂಬದ ಮನುಷ್ಯ ಮಗಳು ಹೇಳಿದ್ದನ್ನು ಹಾಗೇ ನಂಬಿದರು. ನಂಬಿದ್ದಷ್ಟೇ ಅಲ್ಲ, ಟೀ ಲೋಟ ಕೆಳಗಿಟ್ಟು, "ಊಟಕ್ಕೆ ಒಂದು ತರಕಾರೀನೂ ಅಂಗಡಿಯಿಂದ ತರಬಾರ್ದು. ನಲವತ್ತು ಜನಕ್ಕೂ ನಮ್ಮ ಹಿತ್ತಲದ್ದೇ. ಹನ್ನೆರಡಕ್ಕೆ ಅಂದ್ರೆ ಹನ್ನೆರಡಕ್ಕೇ" ಅಂದುಬಿಟ್ಟರು.

ಮನಸ್ಸಿನಲ್ಲಿ ಇನ್ನೂ ಒಂದು ಮಾತಿತ್ತು, ಅದನ್ನು ಹೇಳಲಿಲ್ಲ. ಮಗಳು ಮನೆ ಬಿಟ್ಟು ಹೋಗುವುದಕ್ಕೆ ಮುಂಚೆ ಒಂದು ಸಲ, ಬರೀ ಒಂದೇ ಒಂದು ಸಲ, ಅವಳಿಗೆ ಕೊಟ್ಟ ಮಾತನ್ನು ಕೊಟ್ಟ ದಿನಕ್ಕೆ ನಡೆಸಬೇಕು.

ಮಾರನೇ ದಿನ ಅಡುಗೆಮನೆ ಬಾಗಿಲಿನ ಮೊಳೆಗೆ ಒಂದು ಹಳೇ ಟೇಪು ನೇತಾಡಿತು. ಟೈಲರನ ಟೇಪಿಗೆ ಒಂದು ಕಡೆ ಇಂಚು, ಇನ್ನೊಂದು ಕಡೆ ಸೆಂಟಿಮೀಟರು, ಒಟ್ಟು ನೂರೈವತ್ತು. ಮಾಸ್ಟರು ಒಂದು ಸೆಂಟಿಮೀಟರಿಗೆ ಒಂದು ದಿನ ಅಂತ ಇಟ್ಟರು. ಸೊನ್ನೆ ಅಂದರೆ ಅಕ್ಟೋಬರ್ ಹನ್ನೆರಡು. ಅಲ್ಲಿಂದ ಹಿಂದಕ್ಕೆ ಎಣಿಸಿ ಬಣ್ಣದ ದಾರ ಕಟ್ಟಿದರು: ಕುಂಬಳಕ್ಕೆ ನೂರೈದರ ಹತ್ತಿರ ಕಿತ್ತಳೆ ದಾರ, ಟೊಮೇಟೊ ಸಸಿಗೆ ತೊಂಬತ್ತರಲ್ಲಿ ಕೆಂಪು, ಕ್ಯಾರೆಟ್ಟಿಗೆ ಎಂಬತ್ತೈದು, ಎಲೆಕೋಸಿನ ಸಸಿಗೆ ಎಂಬತ್ತು, ಬೀಟ್‌ರೂಟಿಗೆ ಎಪ್ಪತ್ತು, ಬೀನ್ಸಿಗೆ ಐವತ್ತೆಂಟು, ಪಾಲಕ್ ಸೊಪ್ಪಿಗೆ ನಲವತ್ತು, ಮೂಲಂಗಿಗೆ ಮೂವತ್ತೈದು. ಹೊಲಿಗೆಗೆ ಅಂತ ಅರ್ಧ ಇಂಚು ಬಟ್ಟೆ ಬಿಡುವ ಹಾಗೆ ಪ್ರತಿಯೊಂದಕ್ಕೂ ನಾಲ್ಕೈದು ದಿನ ಸೇರಿಸಿಯೇ ಗುರುತು ಹಾಕಿದ್ದರು. ದಿನಾ ಬೆಳಗ್ಗೆ ಹಲ್ಲುಜ್ಜಿದ ಮೇಲೆ ಒಂದು ಪಿನ್ನನ್ನು ಒಂದು ಗೆರೆ ಕೆಳಗಿಳಿಸುವುದು. ಪಿನ್ನು ದಾರ ಮುಟ್ಟಿದ ದಿನ ಆ ಬೀಜ ಮಣ್ಣಿಗೆ. ಮಳೆ ಬರಲಿ, ಗಿರಾಕಿ ಬರಲಿ, ಬೆನ್ನು ಹಿಡಿದುಕೊಳ್ಳಲಿ, ಆ ದಿನವೇ.

ತಾಯಿ ಮಗಳು ಮೊದಲಿಗೆ ನಕ್ಕರು. "ಹದಿನೆಂಟು ದಿನ ತಡ ಮಾಡೇ ಮಾಡ್ತಾರೆ, ಸರಿಯಾಗಿ ಮೂವತ್ತಕ್ಕೆ ಬರುತ್ತೆ ಬಿಡು" ಅಂದರು ತಾಯಿ. ಆಗಸ್ಟ್ ಮುಗಿಯಿತು. ಬೀನ್ಸ್ ಹೇಳಿದ ದಿನ ಮೊಳಕೆ ಒಡೆದಿತ್ತು. ಸೆಪ್ಟೆಂಬರ್ ಮಧ್ಯಕ್ಕೆ ಮದುವೆಯ ಬಟ್ಟೆಗಳೂ ಗುಂಡಿ ಸಮೇತ, ಇಸ್ತ್ರಿ ಸಮೇತ ಬೀರುವಿನಲ್ಲಿ ನೇತಾಡಿದವು. ತಾಯಿಯ ಮುಖ ಬಿಳಿಚಿಕೊಂಡಿತು.

"ಹೇಳಿಬಿಡೋಣ ಕಣೇ" ಅಂದರು ಮೆಲ್ಲಗೆ.

"ಹೇಳೋಣಮ್ಮ. ಇವತ್ತು ಬೇಡ, ಖುಷಿಯಾಗಿ ಕ್ಯಾರೆಟ್ ಕಳೆ ಕೀಳ್ತಿದಾರೆ. ನಾಳೆ ಹೇಳೋಣ."

ಮಾರನೇ ದಿನ ತಾಯಿಗೆ ಬಾಯಿ ಬರಲಿಲ್ಲ, "ನೀನೇ ಹೇಳು" ಅಂದರು. ಮಗಳು "ನಾಳೆ ಹೇಳ್ತೀನಿ" ಅಂದಳು. ನೋಡಿದಿರಾ ಕಥೇನ! ಮಾಸ್ಟರ ರೋಗ ಮಾಸ್ಟರನ್ನು ಬಿಟ್ಟು ಹೆಂಡತಿಗೂ ಮಗಳಿಗೂ ಅಂಟಿಕೊಂಡಿತ್ತು. ಇತ್ತ ಮಾಸ್ಟರು ಬೀದಿಯಲ್ಲಿ ಕಂಡಕಂಡವರಿಗೆಲ್ಲಾ "ಹನ್ನೆರಡಕ್ಕೆ ಮದುವೆ" ಅನ್ನುತ್ತಿದ್ದರು. ಯಾರೂ ತಿದ್ದಲಿಲ್ಲ. ಮಾಸ್ಟರ ಬಾಯಿಂದ ಬಂದ ತಾರೀಖು ತಾನೇ, ತಾರೀಖು ಅಂತ ಯಾರು ತಗೋತಾರೆ? ಅವರ ಹೆಂಡತಿ ಫೋನ್ ಮಾಡಿ ಮೂವತ್ತು ಅಂದಿದ್ದನ್ನೇ ಎಲ್ಲರೂ ಬರೆದಿಟ್ಟುಕೊಂಡಿದ್ದರು.

ಅಕ್ಟೋಬರ್ ಬಂತು. ತಣ್ಣಗಿನ ಬೆಟ್ಟದ ಊರು ಅದು; ಬೀದಿಯ ಮರಗಳ ಎಲೆ ಕೆಂಪಾಗಿ ಉದುರತೊಡಗಿತು, ಬೆಳಗಿನ ಹೊತ್ತು ಬಾಯಿ ತೆರೆದರೆ ಹೊಗೆ. ಹಿತ್ತಲಿನ ಸೊಬಗನ್ನು ಏನು ಹೇಳಲಿ! ಎಲೆಕೋಸು ಬಿಗಿಯಾಗಿ ಗುಂಡಗೆ ಕೂತಿತ್ತು, ಬೆರಳಲ್ಲಿ ತಟ್ಟಿದರೆ ಟಣ್ ಅನ್ನಬೇಕು ಹಾಗೆ. ಬೀನ್ಸ್ ಎಳಸಾಗಿ ಜೊಂಪೆ ಜೊಂಪೆ. ಕ್ಯಾರೆಟ್ಟಿನ ಕಿತ್ತಳೆ ಭುಜ ಮಣ್ಣಿನಿಂದ ಮೇಲೆದ್ದು ಇಣುಕುತ್ತಿತ್ತು. ಮೂರು ದಿನ ಬಾಕಿ ಇರುವಾಗ ಮಾಸ್ಟರು ಬಿಳಿ ಶರ್ಟ್ ಹಾಕಿಕೊಂಡು, ಕೈಯಲ್ಲೊಂದು ಮಾದರಿ ಕ್ಯಾರೆಟ್ ಹಿಡಿದು, ಮೂರು ಬೀದಿ ಆಚೆ ಇರುವ ಅಡುಗೆ ಅಕ್ಕನ ಮನೆಗೆ ಹೋದರು. ಸಮಾರಂಭಗಳಿಗೆಲ್ಲಾ ಅಡುಗೆ ಮಾಡುವ ಗಟ್ಟಿಗಿತ್ತಿ ಆಕೆ. ಏನೇನು ಎಷ್ಟೆಷ್ಟು ಸಿಗುತ್ತದೆ ಅಂತ ಹೇಳಿದರೆ ಅವರಿಗೆ ಅನುಕೂಲ ಅಂತ.

ಅಡುಗೆ ಅಕ್ಕ ಕ್ಯಾರೆಟ್ ಮುರಿದು ಕಚ್ಚಿ, "ಆಹಾ, ಸಕ್ಕರೆ ಅಣ್ಣ ಇದು! ಆದ್ರೆ ಇಷ್ಟು ಬೇಗ ಯಾಕೆ ಕಿತ್ರಿ? ನಿಮ್ಮನೆ ಕೆಲಸ ಮೂವತ್ತಕ್ಕಲ್ವಾ?" ಅಂದರು.

"ಹನ್ನೆರಡಕ್ಕಮ್ಮ."

"ಇಲ್ಲಣ್ಣ, ಅತ್ತಿಗೆ ಜೂನ್‌ನಲ್ಲೇ ಬಂದು ಹೇಳಿದಾರೆ. ಗೋಡೆ ಮೇಲೆ ನೋಡಿ." ಗೋಡೆಯ ಕ್ಯಾಲೆಂಡರಿನಲ್ಲಿ ಮೂವತ್ತರ ಸುತ್ತ ಕೆಂಪು ಗೆರೆ, ಒಳಗೆ 'ಟೈಲರ್ ಮನೆ' ಅಂತ ಬರೆದಿತ್ತು.

ಮಾಸ್ಟರಿಗೆ ಒಂದು ನಿಮಿಷ ಏನೂ ಅರ್ಥವಾಗಲಿಲ್ಲ. ಮರು ನಿಮಿಷಕ್ಕೆ ಎಲ್ಲಾ ಅರ್ಥವಾಯಿತು. ಮೂವತ್ತು ವರ್ಷ ಇದೇ ಆಟ ಆಡಿದ ಮನುಷ್ಯನಿಗೆ ಬಿಡಿಸಿ ಹೇಳಬೇಕೇ? ಕಚ್ಚಿದ ಕ್ಯಾರೆಟ್ಟನ್ನು ಅಲ್ಲೇ ಬಿಟ್ಟು ಎದ್ದು ಬಂದರು.

ಮನೆಗೆ ಬಂದರು. ನೇರ ಹಿತ್ತಲಿಗೆ ಹೋಗಿ ಬೀನ್ಸ್ ಸಾಲಿನ ಪಕ್ಕ ಬೋರಲು ಹಾಕಿದ್ದ ಬಕೆಟ್ ಮೇಲೆ ಕೂತರು. ಹೆಂಡತಿ ಬಾಗಿಲಿಗೆ ಬಂದು ಮುಖ ನೋಡಿದ ಕೂಡಲೇ ಗುಟ್ಟು ರಟ್ಟಾಗಿದೆ ಅಂತ ಗೊತ್ತಾಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಸಂಜೆ ಐದೂವರೆಗೆ ಪುಟ್ಟಿ ಕೆಲಸದಿಂದ ಬಂದಳು. ತಾಯಿ ಪಿಸುಗುಟ್ಟಿದರು. ಅವಳು ಬ್ಯಾಗನ್ನೂ ಕೆಳಗಿಡದೆ ಹಿತ್ತಲಿಗೆ ಓಡಿದಳು.

"ಅಪ್ಪ..."

"ಗಿರಾಕಿಗಳು ಸುಳ್ಳು ತಾರೀಖು ಹೇಳ್ತಾರೆ, ಸರಿ. ಅವರು ಹೇಳ್ಬೇಕಾದ್ದೇ, ನನ್ನ ಯೋಗ್ಯತೆ ಅಂಥದ್ದು. ನೀನೂ ಗಿರಾಕಿ ಆಗ್ಬಿಟ್ಯಲ್ಲೇ ಪುಟ್ಟಿ."

ಅವರು ಕೂಗಾಡಲಿಲ್ಲ, ಅದಕ್ಕೇ ಅವಳಿಗೆ ತಡೆಯಲಾಗಲಿಲ್ಲ. ಮಣ್ಣಿನಲ್ಲೇ ಕುಕ್ಕರಗಾಲಲ್ಲಿ ಕೂತು ಅಳತೊಡಗಿದಳು. "ತಪ್ಪಾಯ್ತಪ್ಪ. ಬಟ್ಟೆಗೋಸ್ಕರ ಹೇಳಿದ್ದು. ಆಮೇಲೆ ನೀವು ಬೀಜ ಹಾಕಿದ್ರಿ, ಹೇಳೋಕೆ ಧೈರ್ಯ ಬರ್ಲಿಲ್ಲ. ದಿನಾ ಹೇಳೋಣ ಅಂತಾನೇ ಇದ್ದೆ."

ಆರನೇ ಕ್ಲಾಸಿನಲ್ಲಿ ಅಳದಿದ್ದ ಹುಡುಗಿ ಈಗ ಮೂಗೊರೆಸಿಕೊಂಡು ಅಳುತ್ತಿದ್ದಾಳೆ. ಮಾಸ್ಟರ ಸಿಟ್ಟು ಅರ್ಧ ಅಲ್ಲೇ ಇಳಿಯಿತು. ಅವರು ಒಂದು ಬೀನ್ಸ್ ಕಿತ್ತು ಅವಳ ಕೈಯಲ್ಲಿಟ್ಟರು. "ಮುರಿ."

ಅವಳು ಮುರಿದಳು. ಲಟಕ್ ಅಂತ ಮುರಿಯಿತು, ನಾರೇ ಇಲ್ಲ.

"ಹನ್ನೆರಡು, ಈ ಶನಿವಾರಕ್ಕೂ ಹೀಗೇ ಮುರಿಯುತ್ತೆ. ಮುಂದಿನ ಶನಿವಾರ ನಾರು ಬರುತ್ತೆ. ಮೂವತ್ತಕ್ಕೆ ಇದನ್ನ ಹಗ್ಗ ಮಾಡ್ಕೊಂಡು ನಿನ್ನ ಗಂಡ ಕಂಬ ಹತ್ಬಹುದು. ಹೊಲಿದ ಬಟ್ಟೆ ಬೀರುವಿನಲ್ಲಿ ಎಷ್ಟು ದಿನ ಬೇಕಾದ್ರೂ ಕಾಯುತ್ತೆ. ಇವು ಕಾಯಲ್ಲ ಕಣಮ್ಮ. ಎಲೆಕೋಸು ಬಿರಿಯುತ್ತೆ, ಮೂಲಂಗಿ ಬೆಂಡಾಗುತ್ತೆ. ಕುಂಬಳ ಒಂದು ಕೂತಿರುತ್ತೆ, ಅಷ್ಟೇ."

ಪುಟ್ಟಿ ಕಣ್ಣೊರೆಸಿಕೊಂಡು ಸುತ್ತ ನೋಡಿದಳು. ನಾಲ್ಕು ತಿಂಗಳಿಂದ ದಿನಾ ನೋಡಿದ್ದ ಹಿತ್ತಲೇ. ಆದರೆ ಇಷ್ಟೂ ತನ್ನ ಒಂದು ಮಾತನ್ನು ನಂಬಿ ಬೆಳೆದದ್ದು ಅಂತ ಅವಳಿಗೆ ಈಗ ಹೊಳೆಯಿತು. ಎದ್ದು ನಿಂತಳು.

"ಹಾಗಾದ್ರೆ ಊಟ ಶನಿವಾರಾನೇ. ಹನ್ನೆರಡಕ್ಕೇ. ಮದುವೆ ಬೇಕಾದ್ರೆ ಮೂವತ್ತಕ್ಕೆ ಆಗ್ಲಿ."

ಬಾಗಿಲ ಹಿಂದೆ ಕಿವಿಗೊಟ್ಟು ನಿಂತಿದ್ದ ತಾಯಿ ಹೊರಗೆ ಬಂದೇಬಿಟ್ಟರು. "ಏನೇ, ಮದುವೆಗೆ ಮುಂಚೆ ಮದುವೆ ಊಟಾನಾ? ಜನ ನಗಲ್ವಾ?"

"ನಗಲಿ ಬಿಡಮ್ಮ. ಹೊಟ್ಟೆ ತುಂಬ ಊಟ ಮಾಡಿ ನಗಲಿ."

"ಮೂವತ್ತಕ್ಕೆ ಏನ್ ಕೊಡ್ತೀಯ ಬಂದೋರಿಗೆ?"

"ಟೀ ಬಿಸ್ಕತ್ತು. ಕುಂಬಳಕಾಯಿ ಕೂತಿರುತ್ತಲ್ಲ, ಅದನ್ನೂ ಕೊಡೋಣ."

ಲೈನ್‌ಮನ್ ಹುಡುಗನಿಗೆ ಫೋನ್ ಹೋಯಿತು. ಅವನು ಯಾವುದೋ ಕಂಬದ ಮೇಲಿದ್ದ. ವಿಷಯ ಕೇಳಿ, "ಊಟ ಮೊದಲು, ಮದುವೆ ಆಮೇಲೇನಾ? ನಾನು ಬೇಡ ಅನ್ನೋಕೆ ಹುಚ್ಚನಾ?" ಅಂದ. ಅಡುಗೆ ಅಕ್ಕನಿಗೆ ಆ ಶನಿವಾರ ಬಿಡುವಿತ್ತು. ಮಾಸ್ಟರು ಆ ಸಂಜೆ ಬೀದಿಯ ಮನೆಮನೆಗೆ ತಾವೇ ಹೋಗಿ, "ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆ ಊಟ. ಸರಿಯಾಗಿ ಹನ್ನೆರಡೂವರೆ" ಅಂತ ಹೇಳಿ ಬಂದರು. ಎಲ್ಲರೂ "ಆಗಲಿ ಮಾಸ್ಟ್ರೇ" ಅಂತ ತಲೆಯಾಡಿಸಿದರು.

ಶುಕ್ರವಾರ ಸಂಜೆ, ಶನಿವಾರ ಬೆಳಗ್ಗೆ ಆ ಹಿತ್ತಲಿನಲ್ಲಿ ನಡೆದ ಸಂಭ್ರಮ ಯಾವ ಮದುವೆ ಮನೆಯಲ್ಲೂ ನಡೆದಿರಲಿಕ್ಕಿಲ್ಲ. ಕ್ಯಾರೆಟ್ ಮತ್ತು ಬೀಟ್‌ರೂಟನ್ನು ಶುಕ್ರವಾರವೇ ಅಗೆದು ತೆಗೆದರು. ಹಲ್ಲುಗಳಿರುವ ಸಲಿಕೆಯನ್ನು ಸಾಲಿನ ಪಕ್ಕ ಚುಚ್ಚಿ ಮಣ್ಣು ಸಡಿಲ ಮಾಡಿ, ಸೊಪ್ಪನ್ನು ಬುಡದಲ್ಲಿ ಹಿಡಿದು ಸ್ವಲ್ಪ ತಿರುವಿ ಎಳೆದರೆ ಬರುವ ಆ ಸದ್ದು ಇದೆಯಲ್ಲ, ಮಾಸ್ಟರಿಗೆ ಅದನ್ನು ಕೇಳಿದರೆ ಮೈ ಜುಮ್ ಅನ್ನುತ್ತಿತ್ತು. ಒಂದು ಕ್ಯಾರೆಟ್ ಎರಡು ಕಾಲು ಬಿಟ್ಟುಕೊಂಡು ಬಂತು. ಅವರು ಅದನ್ನು ಎತ್ತಿ ಹಿಡಿದು, "ಇದಕ್ಕೆ ಪ್ಯಾಂಟ್ ಹೊಲೀಬೇಕು ಕಣೇ" ಅಂದರು. "ಹೊಲೀರಿ, ನಾಳೆ ಬರ್ತೀನಿ ಅನ್ನುತ್ತೆ" ಅಂದರು ಹೆಂಡತಿ, ತೊಟ್ಟಿಯಲ್ಲಿ ಬೀಟ್‌ರೂಟ್ ತೊಳೆಯುತ್ತಾ. ಎರಡು ದಿನದ ಮೇಲೆ ಅವತ್ತು ಗಂಡ ಹೆಂಡತಿ ಮೊದಲ ಸಲ ಒಟ್ಟಿಗೆ ನಕ್ಕರು.

ಶನಿವಾರ ಇಬ್ಬನಿ ಆರುವವರೆಗೆ ಕಾದು ಬೀನ್ಸ್ ಬಿಡಿಸಿದರು. ಒದ್ದೆ ಎಲೆ ಮುಟ್ಟಿದರೆ ಗಿಡಕ್ಕೆ ಕಜ್ಜಿ ಹತ್ತುತ್ತದೆ. ಇನ್ನು ಈ ಗಿಡಕ್ಕೆ ನಾಳೆ ಅನ್ನುವುದಿಲ್ಲ ಅಂತ ಗೊತ್ತಿದ್ದರೂ ಮಾಸ್ಟರಿಗೆ ಅಭ್ಯಾಸ ಬಿಡಲಿಲ್ಲ. ದಾರ ಕತ್ತರಿಸುವ ಪುಟ್ಟ ಕತ್ತರಿಯಲ್ಲಿ ತೊಟ್ಟು ಕತ್ತರಿಸುತ್ತಾ ಹೋದರು, ಬುಟ್ಟಿ ಒಂದು ತುಂಬಿತು, ಎರಡು ತುಂಬಿತು, ಆಮೇಲೆ ಹೆಂಡತಿಯ ಬಟ್ಟೆ ಬುಟ್ಟಿಯೂ ತುಂಬಿತು. ಎಲೆಕೋಸನ್ನು ಚಾಕುವಿನಲ್ಲಿ ಬುಡಕ್ಕೆ ಕೊಯ್ದು, ಮೇಲಿನ ಒರಟು ಎಲೆ ಬಿಡಿಸಿದರೆ ಒಳಗೆ ತಿಳಿಹಸಿರು, ಮಂಜಿನಂತೆ ತಣ್ಣಗೆ. ಶನಿವಾರ ಅಂಚೆ ಕಚೇರಿಯ ಕೌಂಟರ್ ಮುಚ್ಚುವುದು ಹನ್ನೆರಡಕ್ಕೆ; ಪುಟ್ಟಿ ಬೆಳಗ್ಗೆ ಕೆಲಸಕ್ಕೆ ಹೊರಟಾಗ ಅಪ್ಪನ ಕೈಯಿಂದ ಒಂದು ಟೊಮೇಟೊ ಕಿತ್ತುಕೊಂಡು ಕಚ್ಚುತ್ತಾ ಓಡಿದಳು.

ಅಡುಗೆ ಅಕ್ಕ ಹಿತ್ತಲಿನ ಮೂಲೆಯಲ್ಲಿ ಒಲೆ ಹೂಡಿ, ಬೀನ್ಸನ್ನು ಬೆಣ್ಣೆಯಲ್ಲಿ ಬಾಡಿಸಿದರು, ಕ್ಯಾರೆಟ್ ಬೀಟ್‌ರೂಟನ್ನು ಬೇಯಿಸಿ ಮೆಣಸು ಉದುರಿಸಿದರು, ಕೋಸನ್ನು ದಾರದಷ್ಟು ಸಣ್ಣಗೆ ಹೆಚ್ಚಿ ನಿಂಬೆರಸ ಹಿಂಡಿದರು, ಟೊಮೇಟೊ ಸೂಪಿಗೆ ಪಾಲಕ್ ಹಾಕಿದರು. ಎರಡು ಉದ್ದದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು. ಅಂಚಿಗೆಲ್ಲಾ ಮಾಸ್ಟರೇ ಹೊಲಿಗೆ ಹಾಕಿದ್ದರು. ನಲವತ್ತು ತಟ್ಟೆ. ಹನ್ನೆರಡೂಕಾಲಿಗೆ ಮಾಸ್ಟರು ಸ್ನಾನ ಮಾಡಿ, ತಲೆ ಬಾಚಿ, ಗೇಟಿನ ಹತ್ತಿರ ಬಂದು ನಿಂತರು. ಒಲೆಯ ಮೇಲೆ ಎಲ್ಲಾ ಸಿದ್ಧ. ಒಂದು ಗುಂಡಿಯೂ ಬಾಕಿ ಇರಲಿಲ್ಲ.

ಹನ್ನೆರಡು ಇಪ್ಪತ್ತೈದು. ಬೀದಿಯಲ್ಲಿ ನರಪಿಳ್ಳೆ ಇಲ್ಲ.

ಮಾಸ್ಟರು ಕುತ್ತಿಗೆ ಉದ್ದ ಮಾಡಿ ನೋಡಿದರು. ಔಷಧಿ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು, ಒಳಗೆ ಅವರು ಇನ್ನೂ ಬನಿಯನ್ನಿನಲ್ಲೇ ಕೂತು ಪೇಪರ್ ಓದುತ್ತಿದ್ದರು. ಎದುರು ಮನೆಯ ಮೇಷ್ಟ್ರು ಸೈಕಲ್ ತೊಳೆಯುತ್ತಿದ್ದರು.

"ರೀ, ಒಳಗೆ ಬನ್ನಿ" ಅಂದರು ಹೆಂಡತಿ, ಹಿಂದೆ ಬಂದು ನಿಂತು. "ಅವರೆಲ್ಲಾ ನಿಮ್ಮ ಹನ್ನೆರಡೂವರೇನ ಎರಡು ಗಂಟೆ ಅಂತ ತಗೊಂಡಿದಾರೆ. ಬೇಜಾರ್ ಮಾಡ್ಕೋಬೇಡಿ, ಬಂದೇ ಬರ್ತಾರೆ."

ಬೇಜಾರಾಗದೆ ಇರುತ್ತದೆಯೇ? ನಾಲ್ಕು ತಿಂಗಳು ಒಂದು ದಿನವೂ ತಪ್ಪದೆ ಪಿನ್ನು ಇಳಿಸಿದ್ದಾರೆ, ಒಂದೊಂದು ಬೀಜವೂ ಅದರ ದಿನಕ್ಕೆ ಬಿದ್ದಿದೆ. ಇವತ್ತು ಜೀವಮಾನದಲ್ಲಿ ಮೊದಲ ಸಲ ಅವರು ಹೇಳಿದ ಹೊತ್ತಿಗೆ ಸಿದ್ಧವಾಗಿ ನಿಂತಿದ್ದಾರೆ, ತಗೊಂಡು ಹೋಗಲು ಜನವೇ ಇಲ್ಲ. ತಪ್ಪು ಅವರದ್ದೇ. ಯಾರನ್ನು ಬೈಯುವುದು? ಅವರು ಗೇಟು ಬಿಟ್ಟು ಒಳಗೆ ಹೊರಟರು.

ಆಗ ಬೀದಿಯ ತುದಿಯಲ್ಲಿ ಚಪ್ಪಲಿಯ ಸದ್ದು ಕೇಳಿತು. ಯಾರೋ ಓಡಿ ಬರುತ್ತಿದ್ದರು. ಪುಟ್ಟಿ! ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ಲೈನ್‌ಮನ್ ಹುಡುಗನ ತೋಳು. ಅವನ ಸೊಂಟದಲ್ಲಿ ಇನ್ನೂ ಕೆಲಸದ ಬೆಲ್ಟು, ಬೆಲ್ಟಿನಲ್ಲಿ ಇಕ್ಕಳ ಕುಣಿಯುತ್ತಿತ್ತು. ಇಬ್ಬರೂ ಏದುಸಿರು ಬಿಡುತ್ತಾ ಗೇಟು ತಳ್ಳಿಕೊಂಡು ಒಳಗೆ ನುಗ್ಗಿದರು.

"ತಡ ಆಯ್ತಾಪ್ಪ?" ಅಂದಳು ಪುಟ್ಟಿ, ಎದೆ ಹಿಡಿದುಕೊಂಡು. "ಕೊನೇಲಿ ಒಬ್ಬ ಪಾರ್ಸಲ್ ತಂದ. ಸೋಮವಾರ ಬಾ ಅಂದೆ. ಬಸ್ ಬರ್ಲಿಲ್ಲ, ಸೇತುವೆಯಿಂದ ಓಡ್ಕೊಂಡೇ ಬಂದ್ವಿ. ಹನ್ನೆರಡೂವರೆ ಅಂದಿದ್ರಲ್ಲ ನೀವು."

ಒಳಗೆ ಗೋಡೆ ಗಡಿಯಾರ ಅರ್ಧ ಗಂಟೆಯ ಒಂದೇ ಏಟು ಹೊಡೆಯಿತು.

ಮಾಸ್ಟರು ಗೇಟಿನ ಕಡೆ ತಿರುಗಿದರು. ಮಗಳ ಬೆವರಿದ ಮುಖ ನೋಡಿದರು, ಕೆದರಿದ ಕೂದಲು ನೋಡಿದರು. ಕಣ್ಣು ತುಂಬಿಕೊಂಡಿತು, ಅವರು ಅದನ್ನು ಒರೆಸಿಕೊಳ್ಳಲೂ ಹೋಗಲಿಲ್ಲ. "ಇಲ್ಲ ಕಣಮ್ಮ, ಸರಿಯಾಗಿ ಬಂದಿದೀಯ" ಅಂದರು. "ಕೈ ತೊಳ್ಕೊಂಡು ಬನ್ನಿ, ಬಡಿಸ್ತೀನಿ."

ನಲವತ್ತು ತಟ್ಟೆಯ ಮೇಜಿನಲ್ಲಿ ಇಬ್ಬರೇ ಕೂತರು. ಅಡುಗೆ ಅಕ್ಕನ ಕೈಯಿಂದ ಸೌಟು ಕಿತ್ತುಕೊಂಡು ಮಾಸ್ಟರೇ ಬಡಿಸಿದರು. ಪುಟ್ಟಿ ಬೀನ್ಸ್ ಎರಡು ಸಲ ಹಾಕಿಸಿಕೊಂಡಳು. ಲೈನ್‌ಮನ್ ಹುಡುಗ ಮೂರನೇ ಸಲ ಹಾಕಿಸಿಕೊಂಡು, ಮಾತಾಡಲು ಬಾಯಿಗೆ ಬಿಡುವಿಲ್ಲದೆ, ತಲೆಯನ್ನೇ ಆಡಿಸಿ ಚೆನ್ನಾಗಿದೆ ಅಂದ. ಮಾಸ್ಟರ ಹೆಂಡತಿ ಕಂಬಕ್ಕೆ ಒರಗಿ ನೋಡುತ್ತಿದ್ದವರು, "ನೀವೂ ಕೂತ್ಕೊಳ್ರೀ" ಅಂತ ಗಂಡನನ್ನು ಮಗಳ ಪಕ್ಕಕ್ಕೆ ತಳ್ಳಿದರು. ಅಪ್ಪ ಮಗಳು ಅಕ್ಕಪಕ್ಕ ಕೂತು ಉಂಡರು. ಬೀನ್ಸ್ ಹಲ್ಲಿಗೆ ಸಿಕ್ಕ ಕೂಡಲೇ ಕರಗುತ್ತಿತ್ತು.

ಎರಡು ಗಂಟೆಗೆ ಹತ್ತು ನಿಮಿಷ ಇರುವಾಗ ಗೇಟಿನ ಬಳಿ ಔಷಧಿ ಅಂಗಡಿಯವರು ಕಾಣಿಸಿಕೊಂಡರು. ಇಸ್ತ್ರಿ ಮಾಡಿದ ಶರ್ಟು, ಹಿಂದೆ ಹೆಂಡತಿ, ಅವರ ಹಿಂದೆ ಎದುರು ಮನೆಯ ಮೇಷ್ಟ್ರು. ಒಳಗೆ ಕಾಲಿಡಲೋ ಬೇಡವೋ ಅನ್ನುವಂತೆ ಅಲ್ಲೇ ನಿಂತು ಸಂಕೋಚದಿಂದ ಕೇಳಿದರು:

"ಬೇಗ ಬಂದ್ಬಿಟ್ವೇನೋ ಮಾಸ್ಟ್ರೇ?"

ಮಾಸ್ಟರು ಕುರ್ಚಿಯಿಂದ ಎದ್ದರು. ನೆಟ್ಟಗೆ, ಬೆನ್ನು ನೋವೇ ಇಲ್ಲದವರ ಹಾಗೆ ಎದ್ದು ನಿಂತರು.

"ತಡ ಮಾಡಿದ್ರಿ ಸಾರ್" ಅಂದರು, ಮುಖದ ತುಂಬ ನಗುತ್ತಾ. "ಮೊದಲ ಪಂಕ್ತಿ ಆಗಿಹೋಯ್ತು. ನನ್ನ ಮಗಳು ಹೇಳಿದ ಹೊತ್ತಿಗೇ ಬಂದು ಊಟ ಮುಗಿಸಿದ್ಲು."